ಕತ್ತಲೆಕೋಣೆಯ ಕೈಕೆಲಸ

(ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಏರ್ಕಾಡಿನಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನೊಬ್ಬನನ್ನು ಉತ್ಸವದ ವೇದಿಕೆಗೆ ಕರೆದರೆ ಆತನು ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ನಾಲ್ಕು ಮಾತುಗಳನ್ನಾಡುವನೆಂದು ಸಭಿಕರು ನಿರೀಕ್ಷಿಸುವುದು ಸಹಜವೇ. ನಾನೂ ಹಾಗೆಯೇ ಸಿದ್ಧನಾಗಿದ್ದೆ. ಆದರೆ ಸಂಘದ ಕಾರ್ಯದರ್ಶಿಗಳು, "ಮೇಷ್ಟ್ರೆ, ಪಂಪನನ್ನು ತಾವು ವರ್ಷವೆಲ್ಲ ತರಗತಿಯಲ್ಲಿ ಹೇಳಿಯೇ ಹೇಳುತ್ತೀರಿ. ಈ ಸಲ ತಮ್ಮ ಕತ್ತಲೆಕೋಣೆಯ ವಿಚಾರವನ್ನು ಹೇಳಿ. ಬಾಗಿಲು ಹಾಕಿಕೊಂಡು ತಾವು ಅಲ್ಲಿ ಏನು ಮಾಡುತ್ತೀರೆಂದು ಎಲ್ಲರಿಗೂ ಕುತೂಹಲ" ಎಂದು ಅಪ್ಪಣೆ ಮಾಡಿದರು. ಹಿರಿಯರ ಮಾತನ್ನು ಮೀರಲಾರದೆ ಈ ವಿಷಯವನ್ನು ಕೈಗೆತ್ತಿಕೊಂಡಿದ್ದೇನೆ. ದೊಡ್ಡ ಹಾಳೆಯ ಫಿಲ್ಮಿನ ಮೇಲೆ ಚಿತ್ರ ತೆಗೆದು, ಅದನ್ನು ಮನೆಯಲ್ಲಿಯೇ ಕೈಯಾರೆ ತೊಳೆದು ನೆಗೆಟಿವ್ ಮಾಡಿಕೊಳ್ಳುವ ಕೆಲಸ ಅದು. ನಾನು ಇದರಲ್ಲಿ ಪಾರಂಗತನಲ್ಲ. ಕೆಡಿಸಿದ ಹಾಳೆಗಳ ಲೆಕ್ಕದಲ್ಲಿ ಮಾತ್ರ ನನಗೆ ಒಂದಿಷ್ಟು ಅಧಿಕಾರವುಂಟು.

'ಛಾಯಾಚಿತ್ರ' ಎಂಬ ಮಾತನ್ನು ನಾವು ದಿನವೂ ಆಡುತ್ತೇವೆ. ಛಾಯೆಯೆಂದರೆ ನೆರಳು. ಸೂರ್ಯನ ಪತ್ನಿಯಾದ ಸಂಜ್ಞಾದೇವಿ ಪತಿಯ ತೇಜಸ್ಸನ್ನು ತಾಳಲಾರದೆ ತನ್ನ ನೆರಳನ್ನೇ ಹೆಣ್ಣಾಗಿಸಿ, ತನ್ನ ಸ್ಥಾನದಲ್ಲಿ ನಿಲ್ಲಿಸಿ ಹೋದಳೆಂದು ಪುರಾಣಗಳು ಹೇಳುತ್ತವೆ. ಆ ಛಾಯಾದೇವಿಯೇ ಸೂರ್ಯನ ತೇಜಸ್ಸನ್ನು ತಾಳಿಕೊಂಡು ಮನೆ ನಡೆಸಿದಳು. ಫಿಲ್ಮಿನ ಹಾಳೆಯ ಕೆಲಸವೂ ಅಂಥದೇ. ಕ್ಷಣಕಾಲ ಬೆಳಕನ್ನು ತಾಳಿಕೊಂಡು, ಇಲ್ಲದವರ ಸ್ಥಾನದಲ್ಲಿ ಅವರ ನೆರಳನ್ನು ಇರಿಸಿಕೊಂಡು ಅದು ಉಳಿಯುತ್ತದೆ. ಈ ಮಾತು ಎಷ್ಟು ನಿಜವೆಂಬುದು ನನಗೆ ಒಂದು ದುಃಖದ ಪ್ರಸಂಗದಿಂದ ತಿಳಿಯಿತು. ಅದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲು ಸ್ಥಳದ ವಿಚಾರ. 'ಏರ್ಕಾಡು' ಎಂಬುದನ್ನು ನಮ್ಮ ಮಕ್ಕಳು 'ಏರುವ ಕಾಡು' ಎಂದು ಅರ್ಥ ಮಾಡುವುದುಂಟು. ಸೇಲಂನಿಂದ ೨೦ ತಿರುವುಗಳನ್ನು ಸುತ್ತಿ ಬಂದವರಿಗೆ ಆ ಅರ್ಥವೂ ತಪ್ಪೆನಿಸದು. ಆದರೆ ಇಲ್ಲಿ ಇರುವುದು ತಮಿಳಿನ 'ಏರಿ', ಎಂದರೆ ಕೆರೆ. ಕೆರೆಯ ಕಾಡು ಎಂಬುದೇ ಹೆಸರಿನ ತಿರುಳು. ಕನ್ನಡದಲ್ಲಿ ಆ ಶಬ್ದವೇ ಕೆರೆಯ ಕಟ್ಟೆಗೆ ನಿಂತಿದೆ. ಅಕ್ಕತಂಗಿಯರು ಒಂದೇ ಮಾತನ್ನು ಹಂಚಿಕೊಂಡು, ಒಬ್ಬಳು ನೀರನ್ನೂ ಒಬ್ಬಳು ದಡವನ್ನೂ ಇಟ್ಟುಕೊಂಡ ಹಾಗಾಯಿತು. ಸಮುದ್ರಮಟ್ಟದಿಂದ ಸುಮಾರು ೧,೫೦೦ ಮೀಟರ್ ಎತ್ತರದ ಈ ಊರಿನಲ್ಲಿ ನನ್ನ ಮಾವನವರದೊಂದು ಹಳೆಯ ಮನೆಯುಂಟು. ಹಿಂದೆ ಅವರು ಕಾಫಿ ಬೀಜದ ಮೂಟೆಗಳನ್ನು ಇಡುತ್ತಿದ್ದ ಕಿಟಕಿಯಿಲ್ಲದ ಉಗ್ರಾಣವೇ ಇಂದಿನ ನನ್ನ ಕತ್ತಲೆಕೋಣೆ. ರಜೆ ಬಂದೊಡನೆ ಗಡಿಯ ಶಾಲೆಯಿಂದ ಹೊರಟು ಇಲ್ಲಿಗೆ ಬರುತ್ತೇನೆ. ಮೂಟೆಗಳು ಹೋಗಿ ಎಷ್ಟೋ ವರ್ಷಗಳಾದರೂ ಬಾಗಿಲು ಹಾಕಿದೊಡನೆ ಕಾಫಿಯ ವಾಸನೆ ಮೂಗಿಗೆ ತಟ್ಟುತ್ತದೆ.

ಎಲ್ಲರ ಕಿಸೆಯಲ್ಲೂ ಕ್ಯಾಮೆರಾ ಇರುವ ಈ ಕಾಲದಲ್ಲಿ ಇಷ್ಟೆಲ್ಲ ತೊಂದರೆ ಏಕೆ ಎಂದು ತಾವು ಕೇಳಬಹುದು. ನನ್ನ ಮನೆಯಾಕೆಯೂ ಕೇಳಿದ್ದಾಳೆ. ಉರುಳೆಯ ಫಿಲ್ಮಿನಲ್ಲಿ ೩೬ ಚಿತ್ರಗಳಿರುತ್ತವೆ. ಹಾಳೆಯ ಫಿಲ್ಮಿನಲ್ಲಾದರೋ ಒಂದು ಹಾಳೆಗೆ ಒಂದೇ ಚಿತ್ರ. ನಾನು ಬಳಸುವ ಹಾಳೆ ೪ ಅಂಗುಲ ಅಗಲ, ೫ ಅಂಗುಲ ಉದ್ದ. ಉರುಳೆಯ ಒಂದು ಚಿತ್ರಕ್ಕಿಂತ ಅದರ ವಿಸ್ತಾರ ಸುಮಾರು ೧೪ ಪಾಲು ಹೆಚ್ಚು. ಆದ್ದರಿಂದ ಸೀರೆಯ ಅಂಚಿನ ಒಂದೊಂದು ಎಳೆಯೂ ಕೈಯ ಒಂದೊಂದು ಗೆರೆಯೂ ಅದರಲ್ಲಿ ನಿಲ್ಲುತ್ತವೆ. ಜೊತೆಗೆ ಇನ್ನೊಂದು ಲಾಭವುಂಟು. ಹಾಳೆಯೊಂದಕ್ಕೆ ಒಂದೇ ಚಿತ್ರವಾದುದರಿಂದ ತೆಗೆಯುವವನು ಅವಸರಪಡಲಾರ. ತ್ರಿಪಾದಿಯ ಮೇಲೆ ಕ್ಯಾಮೆರಾ ಇಟ್ಟು, ಕಪ್ಪು ಬಟ್ಟೆಯನ್ನು ತಲೆಯ ಮೇಲೆ ಹೊದ್ದು, ಹಿಂದಿನ ಮಬ್ಬುಗಾಜಿನ ಮೇಲೆ ತಲೆಕೆಳಗಾಗಿ ಬೀಳುವ ಬಿಂಬವನ್ನು ಭೂತಗನ್ನಡಿಯಿಂದ ನೋಡಿ ಸ್ಪಷ್ಟಗೊಳಿಸಬೇಕು. ಎದುರಿಗೆ ಕುಳಿತವರೂ ಅಷ್ಟು ಹೊತ್ತು ಕುಳಿತಿರಬೇಕು. ಆ ಹೊತ್ತಿನಲ್ಲಿ ಮುಖದ ಮೇಲಿನ ಬಿಗುವು ತಾನಾಗಿ ಇಳಿಯುತ್ತದೆ.

ಹಾಳೆಯ ಸ್ವರೂಪವನ್ನು ಕುರಿತು ಎರಡು ಮಾತು. ತೆಳುವಾದ ಪಾರದರ್ಶಕ ಹಾಳೆಯ ಮೇಲೆ ಜೆಲಟಿನ್ ಎಂಬ ಅಂಟಿನ ಲೇಪ. ಅದರೊಳಗೆ ಬೆಳ್ಳಿಯ ಬ್ರೋಮೈಡ್ ಎಂಬ ಲವಣದ ಸೂಕ್ಷ್ಮ ಹರಳುಗಳು. ಬೆಳಕು ತಾಗಿದ ಹರಳುಗಳಲ್ಲಿ ಕಣ್ಣಿಗೆ ಕಾಣದ ಒಂದು ಮಾರ್ಪಾಡು ಆಗುತ್ತದೆ. ಅದನ್ನು ಗುಪ್ತಬಿಂಬವೆನ್ನೋಣ. ಡೆವಲಪರ್ ಎಂಬ ದ್ರಾವಣವು ಬೆಳಕುಂಡ ಹರಳುಗಳನ್ನು ಮಾತ್ರ ಆರಿಸಿ, ಅವನ್ನು ಕಪ್ಪು ಬೆಳ್ಳಿಯನ್ನಾಗಿ ಮಾರ್ಪಡಿಸುತ್ತದೆ. ಆಮೇಲೆ ಹೈಪೋ ಎಂಬ ಲವಣದ ನೀರು ಬೆಳಕು ಕಾಣದ ಹರಳುಗಳನ್ನು ಕರಗಿಸಿ ಹೊರಹಾಕುತ್ತದೆ. ಹೈಪೋವಿನ ಈ ಕರಗಿಸುವ ಗುಣವನ್ನು ಜಾನ್ ಹರ್ಷಲ್ ಎಂಬ ವಿಜ್ಞಾನಿ ೧೮೧೯ರಲ್ಲಿಯೇ ಗುರುತಿಸಿದ್ದನು. ೧೮೩೯ರಲ್ಲಿ ಛಾಯಾಚಿತ್ರಣ ಹುಟ್ಟಿದಾಗ ಅದು ಉಪಯೋಗಕ್ಕೆ ಬಂದಿತು. ಹೀಗೆ ದೊರೆತ ನೆಗೆಟಿವಿನಲ್ಲಿ ಬಿಳಿ ಕಪ್ಪಾಗಿಯೂ ಕಪ್ಪು ಬಿಳಿಯಾಗಿಯೂ ಕಾಣುತ್ತವೆ. ನಮ್ಮ ಅಲಂಕಾರಶಾಸ್ತ್ರದ ವ್ಯಾಜಸ್ತುತಿಯಂತೆ ಇಲ್ಲಿಯೂ ತಿರುಗುಮುರುಗಾಗಿ ಓದಿಕೊಂಡವನಿಗೇ ನಿಜಾರ್ಥ ದೊರೆಯುವುದು.

ಈಗ ಕೈಕೆಲಸಕ್ಕೆ ಬರೋಣ. ಕಪ್ಪುಬಿಳುಪು ಫಿಲ್ಮುಗಳಲ್ಲಿ ಬಹುಪಾಲು ಎಲ್ಲ ಬಣ್ಣದ ಬೆಳಕಿಗೂ ಸ್ಪಂದಿಸುವಂಥವು. ಅವುಗಳ ಮುಂದೆ ಕೆಂಪು ದೀಪವೂ ಸಲ್ಲದು, ಗಾಢಾಂಧಕಾರವೇ ಬೇಕು. ಬಾಗಿಲ ಸಂದಿಗೆ ಕಂಬಳಿ ತುರುಕಿ, ಒಳಗೆ ಐದು ನಿಮಿಷ ಸುಮ್ಮನೆ ಕುಳಿತು ನೋಡಬೇಕು. ಮೊದಲು ಕತ್ತಲೆಯೆನಿಸಿದ್ದು ಕಣ್ಣು ಪಳಗಿದ ಮೇಲೆ ಕತ್ತಲೆಯಾಗಿ ಉಳಿಯುವುದಿಲ್ಲ. ಹೆಂಚಿನ ಸಂದಿನಿಂದ ಬೆಳಕಿನ ಗೆರೆಯೊಂದು ಇಣುಕುತ್ತದೆ. ಕೈಗಡಿಯಾರದ ಹೊಳೆಯುವ ಮುಳ್ಳನ್ನೂ ಕಿಸೆಯ ಫೋನನ್ನೂ ಹೊರಗೆ ಬಿಟ್ಟುಬರಬೇಕು.

ಕತ್ತಲಲ್ಲಿ ಹಾಳೆಯ ಯಾವ ಮಗ್ಗುಲಲ್ಲಿ ಲೇಪವಿದೆಯೆಂದು ತಿಳಿಯುವುದು ಹೇಗೆ? ತಯಾರಕರು ಹಾಳೆಯ ಒಂದು ಮೂಲೆಯಲ್ಲಿ ಸಣ್ಣ ಕಚ್ಚುಗಳನ್ನು ಕೊರೆದಿರುತ್ತಾರೆ. ಹಾಳೆಯನ್ನು ನಿಲುವಾಗಿ ಹಿಡಿದಾಗ ಆ ಕಚ್ಚು ಮೇಲಿನ ಬಲಮೂಲೆಯಲ್ಲಿ ಬೆರಳಿಗೆ ಸಿಕ್ಕಿದರೆ, ಲೇಪವಿರುವ ಮಗ್ಗುಲು ನಮ್ಮ ಕಡೆಗಿದೆ ಎಂದರ್ಥ. ಕಚ್ಚಿನ ಆಕಾರದಿಂದ ಫಿಲ್ಮಿನ ಜಾತಿಯನ್ನೂ ಗುರುತಿಸಬಹುದು. ಹಾಳೆಗಳನ್ನು ಇಡುವ ಹೋಲ್ಡರಿನಲ್ಲಿ ಎರಡು ಮಗ್ಗುಲಿಗೆ ಎರಡು ಹಾಳೆ. ಅದರ ಮುಚ್ಚಳದ ತುದಿ ಒಂದು ಕಡೆ ಬಿಳಿ, ಇನ್ನೊಂದು ಕಡೆ ಕಪ್ಪು. ಬಿಳಿ ಹೊರಗಿದ್ದರೆ ಹೊಸ ಹಾಳೆ, ಕಪ್ಪು ಹೊರಗಿದ್ದರೆ ಚಿತ್ರ ತೆಗೆದ ಹಾಳೆ. ಬಿಳಿಯ ಮಗ್ಗುಲಿನಲ್ಲಿ ಉಬ್ಬುಚುಕ್ಕೆಗಳೂ ಇರುವುದರಿಂದ ಕತ್ತಲಲ್ಲಿಯೂ ತಿಳಿಯುತ್ತದೆ.

ದ್ರಾವಣಗಳನ್ನು ನಾನೇ ತೂಗಿ ಕಲಸುತ್ತೇನೆ. ಡಿ-೭೬ ಎಂಬ ಡೆವಲಪರ್ ಸುಮಾರು ನೂರು ವರ್ಷಗಳಿಂದ ಜಗತ್ತಿನ ಎಲ್ಲ ಕಡೆಗಳಲ್ಲಿಯೂ ಬಳಕೆಯಲ್ಲಿರುವ ಪಾಕ. ಒಂದು ಲೀಟರಿಗೆ ಮೆಟಾಲ್ ೨ ಗ್ರಾಂ, ಸೋಡಿಯಂ ಸಲ್ಫೈಟ್ ೧೦೦ ಗ್ರಾಂ, ಹೈಡ್ರೋಕ್ವಿನೋನ್ ೫ ಗ್ರಾಂ, ಬೋರಾಕ್ಸ್ ೨ ಗ್ರಾಂ. ೭೫೦ ಮಿಲಿಲೀಟರ್ ಬಿಸಿನೀರಿನಲ್ಲಿ ಇವನ್ನು ಇದೇ ಕ್ರಮದಲ್ಲಿ ಒಂದಾದಮೇಲೊಂದರಂತೆ ಕರಗಿಸಿ, ಆಮೇಲೆ ತಣ್ಣೀರು ಸೇರಿಸಿ ಲೀಟರ್ ತುಂಬಿಸಬೇಕು. ಸಲ್ಫೈಟನ್ನೆಲ್ಲ ಮೊದಲು ಹಾಕಿಬಿಟ್ಟರೆ ಮೆಟಾಲ್ ಕರಗುವುದಕ್ಕೆ ಒಪ್ಪುವುದಿಲ್ಲ. ಸಾರಿಗೆ ಒಗ್ಗರಣೆಯ ಕ್ರಮ ತಪ್ಪಿದರೆ ರುಚಿ ಕೆಡುವುದನ್ನು ನಮ್ಮ ತಾಯಂದಿರು ಬಲ್ಲರು. ಇಲ್ಲಿಯೂ ಅದೇ ನ್ಯಾಯ. ಫಿಕ್ಸರಿಗೆ ಲೀಟರಿಗೆ ೨೪೦ ಗ್ರಾಂನಷ್ಟು ಹೈಪೋ. ಅದು ಕರಗುವಾಗ ನೀರಿನ ಶಾಖವನ್ನು ಹೀರುವುದರಿಂದ ಪಾತ್ರೆ ಮುಟ್ಟಿದರೆ ತಣ್ಣಗೆ ಕೊರೆಯುತ್ತದೆ. ಆದ್ದರಿಂದ ಅದಕ್ಕೂ ಬಿಸಿನೀರೇ ಬೇಕು.

ಇನ್ನು ಶಾಖದ ಮಾತು. ಡೆವಲಪರ್ ೨೦ ಡಿಗ್ರಿ ಸೆಂಟಿಗ್ರೇಡಿನಲ್ಲಿರಬೇಕೆಂದು ಶಾಸ್ತ್ರ. ಸೇಲಂನ ಬೇಸಿಗೆಯಲ್ಲಿ ನಲ್ಲಿಯ ನೀರೇ ೩೦ ಡಿಗ್ರಿ ಮೀರಿರುತ್ತದೆ. ಅಷ್ಟು ಬಿಸಿಯಲ್ಲಿ ಜೆಲಟಿನ್ ಊದಿ ಮೆತ್ತಗಾಗಿ, ಬೆರಳು ತಾಗಿದರೆ ಸುಲಿದು ಬರುತ್ತದೆ. ಬಯಲುಸೀಮೆಯಲ್ಲಿ ಈ ಕೆಲಸ ಮಾಡುವವರು ಮಂಜುಗಡ್ಡೆಯ ನೀರಿನಲ್ಲಿ ತಟ್ಟೆಗಳನ್ನು ನಿಲ್ಲಿಸಬೇಕಾಗುತ್ತದೆ. ಏರ್ಕಾಡಿನಲ್ಲಿ ವರ್ಷದ ಎಷ್ಟೋ ದಿನ ತೊಟ್ಟಿಯ ನೀರೇ ತಕ್ಕ ಶಾಖದಲ್ಲಿರುತ್ತದೆ. ಮಾರ್ಗಶಿರ, ಪುಷ್ಯಗಳಲ್ಲಿ ಇಲ್ಲಿ ನೀರನ್ನು ತುಸು ಕಾಯಿಸಿಕೊಳ್ಳಬೇಕಾದೀತು. ಭಾರತ ಸರ್ಕಾರವು ಫಿಲ್ಮ್ ತಯಾರಿಕೆಗಾಗಿ ೧೯೬೦ರಲ್ಲಿ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸಂಸ್ಥೆಯನ್ನು ನೀಲಗಿರಿಯ ಊಟಿಯಲ್ಲಿ ಸ್ಥಾಪಿಸಿದ್ದು ನೆನಪಾಗುತ್ತದೆ. ಅವರ ಫಿಲ್ಮಿನ ಹೆಸರು 'ಇಂದು'. ಸಂಸ್ಕೃತದಲ್ಲಿ ಇಂದು ಎಂದರೆ ಚಂದ್ರ. ಕನ್ನಡದಲ್ಲಿ ಈ ದಿನ. ಆ ಕಾರ್ಖಾನೆ ಮುಚ್ಚಿಹೋಗಿದೆ. ಈಗ ಹಾಳೆಯ ಫಿಲ್ಮು ಇಂಗ್ಲೆಂಡಿನ ಇಲ್ಫೋರ್ಡ್, ಅಮೆರಿಕದ ಕೊಡಾಕ್ ಮುಂತಾದ ಕಡೆಗಳಿಂದ ಬರಬೇಕು, ಬೆಲೆಯೂ ಹೆಚ್ಚು. ಕಲಿಯುವವರಿಗೆ ಒಂದು ಸುಲಭೋಪಾಯ ಹೇಳುತ್ತೇನೆ. ಆಸ್ಪತ್ರೆಗಳಲ್ಲಿ ಬಳಸುವ ಎಕ್ಸ್-ರೇ ಫಿಲ್ಮಿಗೆ ಕೆಂಪು ಬೆಳಕು ತಟ್ಟುವುದಿಲ್ಲ, ಬೆಲೆಯೂ ಕಡಿಮೆ. ಕೆಂಪು ದೀಪದಡಿ ಅದನ್ನು ಕತ್ತರಿಸಿ ಬಳಸಬಹುದು. ಎರಡೂ ಮಗ್ಗುಲಿಗೆ ಲೇಪವಿರುವುದರಿಂದ ಗೀರು ಬೀಳದಂತೆ ಕೈ ಹಗುರವಾಗಿರಬೇಕು, ಅಷ್ಟೆ.

ನಾನು ಒಂದು ಸಲಕ್ಕೆ ನಾಲ್ಕು ಹಾಳೆಗಳನ್ನು ತೊಳೆಯುತ್ತೇನೆ. ಮೊದಲ ತಟ್ಟೆಯಲ್ಲಿ ಬರಿಯ ನೀರು. ಹಾಳೆಗಳನ್ನು ಒಂದೊಂದಾಗಿ ಮುಳುಗಿಸಿ ಎರಡು ನಿಮಿಷ ನೆನೆಸಬೇಕು. ಒಣ ಹಾಳೆಗಳನ್ನು ಒಟ್ಟಿಗೆ ಹಾಕಿದರೆ ಒಂದಕ್ಕೊಂದು ಅಂಟಿಕೊಂಡು ಬಿಡಿಸಲು ಬಾರದು. ಎರಡನೆಯ ತಟ್ಟೆಯಲ್ಲಿ ಡೆವಲಪರ್. ಅಲ್ಲಿ ಇಸ್ಪೀಟಿನ ಎಲೆಗಳನ್ನು ಕಲಸುವ ಹಾಗೆ, ಅಡಿಯ ಹಾಳೆಯನ್ನು ಮೆಲ್ಲಗೆ ಎಳೆದು ಮೇಲಿಟ್ಟು, ಅಂಗೈಯಿಂದ ಅದುಮಬೇಕು. ಅರ್ಧ ನಿಮಿಷಕ್ಕೊಮ್ಮೆ ನಾಲ್ಕೂ ಒಂದು ಸುತ್ತು ತಿರುಗಬೇಕು. ಒಂದು ಹಾಳೆಯ ಕಚ್ಚನ್ನು ಮಾತ್ರ ಎದುರು ದಿಕ್ಕಿಗೆ ಇಟ್ಟುಕೊಂಡರೆ ಸುತ್ತು ಮುಗಿದದ್ದು ಬೆರಳಿಗೆ ಗೊತ್ತಾಗುತ್ತದೆ. ಉಗುರು ಕತ್ತರಿಸಿರಬೇಕು. ನೆನೆದ ಜೆಲಟಿನ್ ಬಲು ಮೃದು. ಒಂದು ಹಾಳೆಯ ಮೂಲೆ ಇನ್ನೊಂದರ ಬೆನ್ನಿಗೆ ತಾಗಿದರೆ ಮಾಯದ ಗೀರಾಗುತ್ತದೆ. ಕೆಲವರ ಚರ್ಮಕ್ಕೆ ಮೆಟಾಲ್ ಒಗ್ಗುವುದಿಲ್ಲವಾದ್ದರಿಂದ ಕೈಗವಸು ಹಾಕಿಕೊಳ್ಳುವುದು ಕ್ಷೇಮ. ಫಿಲ್ಮಿಗೆ ತಕ್ಕಂತೆ ಸುಮಾರು ಎಂಟು ನಿಮಿಷ. ಕತ್ತಲಲ್ಲಿ ಗಡಿಯಾರವಿಲ್ಲದುದರಿಂದ ನಾನು ಬಾಯಿಯಲ್ಲಿ ಎಣಿಸುತ್ತೇನೆ. ಹೊರಗೆ ಕುಳಿತ ಮಗಳು ಗಡಿಯಾರ ನೋಡಿ ನಿಮಿಷಕ್ಕೊಮ್ಮೆ ಬಾಗಿಲು ತಟ್ಟುತ್ತಾಳೆ.

ಮೂರನೆಯ ತಟ್ಟೆಯಲ್ಲಿ ತುಸು ಅಸಿಟಿಕ್ ಆಮ್ಲ ಬೆರೆಸಿದ ನೀರು. ಡೆವಲಪರಿನ ಕೆಲಸವನ್ನು ಅದು ತಟ್ಟನೆ ನಿಲ್ಲಿಸುತ್ತದೆ. ನಾಲ್ಕನೆಯದರಲ್ಲಿ ಹೈಪೋ. ಹಾಳೆಯ ಹಾಲಿನಂಥ ಮಬ್ಬು ಕರಗಿ ಮಾಯವಾಗಲು ಎಷ್ಟು ಹೊತ್ತು ಹಿಡಿಯುವುದೋ ಅದಕ್ಕೆ ಎರಡರಷ್ಟು ಹೊತ್ತು ಅಲ್ಲಿರಬೇಕು. ಆಮೇಲೆ ದೀಪ ಹಾಕಬಹುದು. ಕೊನೆಗೆ ಅರ್ಧ ಗಂಟೆ ಹರಿಯುವ ನೀರಿನಲ್ಲಿ ತೊಳೆಯಬೇಕು. ಹೈಪೋ ಉಳಿದರೆ ಚಿತ್ರ ವರ್ಷಾಂತರದಲ್ಲಿ ಕಂದಿ ಹಳದಿಯಾಗುತ್ತದೆ. ಪೊಟ್ಯಾಸಿಯಂ ಪರ್ಮಾಂಗನೇಟಿನ ನಸುನೇರಳೆ ನೀರಿಗೆ ಹಾಳೆಯಿಂದ ತೊಟ್ಟಿಕ್ಕುವ ನೀರನ್ನು ಬಿಟ್ಟು ನೋಡಿದರೆ ಸಾಕು. ಬಣ್ಣ ಕೆಟ್ಟರೆ ಹೈಪೋ ಇನ್ನೂ ಇದೆ, ಬಣ್ಣ ನಿಂತರೆ ಹೋಗಿದೆ. ಆಮೇಲೆ ಒಂದು ಮೂಲೆಗೆ ಚಿಮಟಿಗೆ ಸಿಕ್ಕಿಸಿ, ಧೂಳಿಲ್ಲದ ಕಡೆ ಒಣಹಾಕಬೇಕು.

ಸಭಿಕರಲ್ಲಿ ಕಾಫಿ ತೋಟದವರು ಅನೇಕರಿರುವುದರಿಂದ ಒಂದು ವಿನೋದವನ್ನು ಹೇಳದೆ ಬಿಡಲಾರೆ. ಕಾಫಿಯಿಂದಲೇ ಫಿಲ್ಮನ್ನು ತೊಳೆಯಬಹುದು! ೧೯೯೫ರಲ್ಲಿ ಅಮೆರಿಕದ ರಾಚೆಸ್ಟರ್ ನಗರದ ತಾಂತ್ರಿಕ ವಿದ್ಯಾಸಂಸ್ಥೆಯೊಂದರಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂಡಿ ಇದನ್ನು ಪ್ರಯೋಗಿಸಿದರು. ಲೀಟರ್ ನೀರಿಗೆ ವಾಷಿಂಗ್ ಸೋಡಾ ೫೪ ಗ್ರಾಂ, ವಿಟಮಿನ್ ಸಿ ಪುಡಿ ೧೬ ಗ್ರಾಂ, ಇನ್‌ಸ್ಟಂಟ್ ಕಾಫಿಪುಡಿ ೪೦ ಗ್ರಾಂ. ೨೦ ಡಿಗ್ರಿಯಲ್ಲಿ ೧೫ ನಿಮಿಷ. ಇದು ಈಗ ಹವ್ಯಾಸಿಗಳಲ್ಲಿ ಬಳಕೆಯಲ್ಲಿರುವ ಒಂದು ಪಾಕ. ಕಾಫಿಯಲ್ಲಿನ ಕೆಫೀಕ್ ಆಮ್ಲವೇ ಇಲ್ಲಿ ಡೆವಲಪರ್. ಅಗ್ಗದ ರೊಬಸ್ಟಾ ಇದಕ್ಕೆ ಉತ್ತಮವಂತೆ. ನಾನು ಅಭಿಮಾನದಿಂದ ನಮ್ಮ ಬೆಟ್ಟದ ಅರೇಬಿಕಾದ ಫಿಲ್ಟರ್ ಡಿಕಾಕ್ಷನ್ ಬಳಸಿದೆ. ಚಿತ್ರ ತೆಳುವಾಗಿಯಾದರೂ ಬಂದಿತು. ವಾಸನೆಯನ್ನು ಮಾತ್ರ ವರ್ಣಿಸಲಾರೆ. ಆ ದಿನ ಮನೆಯಲ್ಲಿ ಯಾರೂ ಕಾಫಿ ಕುಡಿಯಲಿಲ್ಲ.

ನಮ್ಮ ಸೀಮೆಗೂ ಈ ವಿದ್ಯೆಗೂ ಹಳೆಯ ನಂಟುಂಟು. ೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಮೈಸೂರಿಗೆ ಸೇರಿದ್ದ ಬಾರಾಮಹಲಿನ ರಾಯಕೋಟೆ, ಆಮೇಲೆ ಸೇಲಂ ಜಿಲ್ಲೆಯದಾಯಿತು. ಈಗ ಅದು ಕೃಷ್ಣಗಿರಿ ಜಿಲ್ಲೆಯಲ್ಲಿದೆ. ಮದರಾಸು ಸೈನ್ಯದ ಲಿನಿಯಸ್ ಟ್ರೈಪ್ ಎಂಬ ಅಧಿಕಾರಿ ೧೮೫೪ರಲ್ಲಿ ಬೇಲೂರು, ಹಳೆಯಬೀಡುಗಳ ದೇವಾಲಯಗಳನ್ನು ಚಿತ್ರಿಸಿದನು. ಆ ಚಿತ್ರಗಳು ೧೮೫೫ರ ಮದರಾಸು ಪ್ರದರ್ಶನದಲ್ಲಿ ಪದಕ ಪಡೆದವು. ೧೮೫೬ರಲ್ಲಿ ಆತನು ಮದರಾಸು ಸರ್ಕಾರದ ಛಾಯಾಚಿತ್ರಗಾರನಾಗಿ ನೇಮಕಗೊಂಡು, ೧೮೫೭ರ ಕೊನೆಯಲ್ಲಿ ಎತ್ತಿನಗಾಡಿಗಳ ಮೇಲೆ ಸಾಮಗ್ರಿಗಳನ್ನು ಹೇರಿಕೊಂಡು ದಕ್ಷಿಣಯಾತ್ರೆಗೆ ಹೊರಟನು. ಶ್ರೀರಂಗ, ಮಧುರೆ, ತಂಜಾವೂರುಗಳ ಜೊತೆಗೆ ರಾಯಕೋಟೆಯೇ ಮೊದಲಾದ ಸೇಲಂ ಜಿಲ್ಲೆಯ ಸ್ಥಳಗಳದ್ದೂ ಒಂದು ಚಿತ್ರಸಂಪುಟ ೧೮೫೮ರಲ್ಲಿ ಹೊರಬಂದಿತು.

ಆಗ ಫಿಲ್ಮೆಂಬುದೇ ಇರಲಿಲ್ಲ. ಟ್ರೈಪ್ ಬಳಸಿದ್ದು ಕಾಗದದ ನೆಗೆಟಿವ್. ಅದು ಒಂದಡಿಗೂ ಮಿಕ್ಕ ಉದ್ದದ ಹಾಳೆ. ಕಾಗದಕ್ಕೆ ಮೇಣ ಹಿಡಿಸಿ, ಬೆಳ್ಳಿಯ ಲವಣದಿಂದ ಸಂಸ್ಕರಿಸಿ, ಕ್ಯಾಮೆರಾದಲ್ಲಿಟ್ಟು ಚಿತ್ರ ತೆಗೆದು, ಆಮೇಲೆ ತೊಳೆಯುವುದು. ಗಾಜಿನ ಮೇಲೆ ಹಸಿಲೇಪದಿಂದ ಚಿತ್ರ ತೆಗೆಯುವ ವಿಧಾನ ೧೮೫೧ರಿಂದಲೇ ಇದ್ದರೂ, ನಮ್ಮ ಬಿಸಿಲಿನಲ್ಲಿ ಆ ಲೇಪ ಬೇಗ ಒಣಗಿಹೋಗುತ್ತಿತ್ತು. ಮೇಣದ ಕಾಗದವನ್ನಾದರೆ ಮೊದಲೇ ಸಿದ್ಧಪಡಿಸಿ ಒಯ್ಯಬಹುದು, ಒಡೆಯುವ ಭಯವೂ ಇಲ್ಲ. ತಂಜಾವೂರಿನ ದೊಡ್ಡ ದೇವಾಲಯದ ಅಧಿಷ್ಠಾನದ ಶಾಸನಗಳನ್ನು ಆತನು ೨೧ ಚಿತ್ರಗಳಾಗಿ ತೆಗೆದು ಒಂದಕ್ಕೊಂದು ಜೋಡಿಸಿದನು. ೧೮೫೯ರಲ್ಲಿ ಮದರಾಸಿನ ಗವರ್ನರಾಗಿ ಬಂದ ಟ್ರೆವೆಲಿಯನ್ ಇದೆಲ್ಲ ಸರ್ಕಾರಕ್ಕೆ ಸಲ್ಲದ ದುಂದುವೆಚ್ಚವೆಂದು ಭಾವಿಸಿ ಕೆಲಸವನ್ನು ನಿಲ್ಲಿಸಿದನು. ಕೆಲಸ ನಿಂತರೂ ಚಿತ್ರಗಳು ಉಳಿದವು. ತೊಳೆದ ಕೈ ಅಷ್ಟು ಶುದ್ಧವಾಗಿತ್ತು.

ಈಗ ನಾನು ಮೊದಲೇ ಸೂಚಿಸಿದ ಪ್ರಸಂಗಕ್ಕೆ ಬರುತ್ತೇನೆ.

ನನ್ನ ಸೋದರತ್ತೆಯೊಬ್ಬರು ಸೇಲಂನ ನೇಕಾರರ ಬೀದಿಯಲ್ಲಿದ್ದರು. ಎಂಬತ್ತು ದಾಟಿದ ಹಿರಿಯರು. ಆ ಬೀದಿಯ ಎಷ್ಟೋ ಮನೆಗಳಂತೆ ಅವರ ಮನೆಯಲ್ಲಿಯೂ ಆಡುವುದು ಕನ್ನಡ, ಓದುಬರಹ ತಮಿಳು. ಅತ್ತೆಗೆ ಯಾವ ಅಕ್ಷರವೂ ಬಾರದು. ಆದರೆ ಮದುವೆಯ ಅರಿಶಿನ ಕುಟ್ಟುವ ಹಾಡಿನಿಂದ ಹಿಡಿದು ಹೆಣ್ಣು ಒಪ್ಪಿಸುವ ಹಾಡಿನವರೆಗೆ ಎಲ್ಲವೂ ಅವರಿಗೆ ಬಾಯಿಪಾಠ. ಅವರ ಒಂದು ಒಳ್ಳೆಯ ಚಿತ್ರ ಮನೆಯಲ್ಲಿ ಇರಲಿಲ್ಲ. ಒಂದು ಭಾದ್ರಪದದಲ್ಲಿ ನಾನು ಕ್ಯಾಮೆರಾ ಹೊತ್ತುಕೊಂಡು ಹೋದೆ. ರಾಟೆಯ ಮುಂದೆ ಕುಳಿತು ನೂಲು ಸುತ್ತುತ್ತಿದ್ದರು. ಮೇಲಿನ ಗಾಜಿನ ಹೆಂಚಿನಿಂದ ಬೆಳಕು ಅವರ ಕೈಗಳ ಮೇಲೆ ಬೀಳುತ್ತಿತ್ತು. ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ ನನ್ನನ್ನು ಕಂಡು, "ಏನಪ್ಪಾ ಇದು, ಮುಸುಕು ಹಾಕ್ಕೊಂಡು ನೋಡ್ತೀಯ?" ಎಂದರು. "ಇದರಲ್ಲಿ ನೀವು ತಲೆಕೆಳಗಾಗಿ ಕಾಣುತ್ತೀರಿ ಅತ್ತೆ" ಎಂದೆ. "ಈ ವಯಸ್ಸಿಗೆ ಅದೊಂದು ಬಾಕಿ ಇತ್ತು ನೋಡು" ಎಂದು ನಕ್ಕರು. ಮನೆಯೊಳಗಿನ ಬೆಳಕು ಮಂದವಾಗಿದ್ದುದರಿಂದ ಒಂದೊಂದು ಹಾಳೆಗೂ ಒಂದು ಸೆಕೆಂಡು ಬೇಕಾಯಿತು. ಮೂರು ಹೋಲ್ಡರುಗಳಲ್ಲಿ ಆರು ಹಾಳೆ. ಐದರಲ್ಲಿ ಅತ್ತೆ, ಆರನೆಯದರಲ್ಲಿ ಬರಿಯ ಮಗ್ಗ. ಐದನೆಯ ಹಾಳೆ ತೆಗೆಯುವಾಗ ಅವರು ಒಳಗಿದ್ದ ಸೊಸೆಯನ್ನು ಕೂಗಿ, "ಇವನಿಗೆ ಕಾಫಿ ಕೊಡೇ" ಎಂದುಬಿಟ್ಟರು. ಅದು ಕೆಟ್ಟಿತೆಂದು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಆ ವಾರವೇ ಏರ್ಕಾಡಿಗೆ ಬಂದು ಮೊದಲ ನಾಲ್ಕು ಹಾಳೆಗಳನ್ನು ತೊಳೆಯಲು ಕುಳಿತೆ. ಮಳೆಗೆ ಉಗ್ರಾಣದ ಒಂದು ಮೂಲೆ ಸೋರುತ್ತಿದ್ದುದರಿಂದ ಮೇಜನ್ನು ಎದುರುಗೋಡೆಗೆ ಸರಿಸಿದ್ದೆ. ತಟ್ಟೆಗಳೂ ಹಾಗೆಯೇ ಸರಿದು, ಎಡದಿಂದ ಬಲಕ್ಕಿದ್ದ ಸಾಲು ಬಲದಿಂದ ಎಡಕ್ಕಾಯಿತು. ನೀರಿನ ತಟ್ಟೆಯನ್ನು ಮಾತ್ರ ನಡುವಿನ ಮಣೆಯ ಮೇಲೆ ಇಟ್ಟಿದ್ದೆ. ದೀಪ ಆರಿಸಿದೆ. ಕೈ ತನ್ನ ಹಳೆಯ ರೂಢಿಯಂತೆ ಎಡಕ್ಕೆ ಚಾಚಿತು. ಡೆವಲಪರ್ ಬೆರಳಿಗೆ ಜಾರುತ್ತದೆ, ಫಿಕ್ಸರ್ ಜಾರುವುದಿಲ್ಲ. ಕೈಗವಸಿದ್ದುದರಿಂದ ಅದು ತಿಳಿಯಲಿಲ್ಲ. ಫಿಕ್ಸರಿಗೆ ಮೂಗಿಗೆ ಹೊಡೆಯುವ ಹುಳಿವಾಸನೆಯುಂಟು. ಆ ದಿನ ನನಗೆ ನೆಗಡಿ. ಹೊರಗೆ ಮಗಳು ಎಂಟು ಸಲ ಬಾಗಿಲು ತಟ್ಟಿದಳು. ನಾನು ಎಂಟು ನಿಮಿಷವೂ ಶ್ರದ್ಧೆಯಿಂದ ಹಾಳೆಗಳನ್ನು ತಿರುಗಿಸಿದೆ. ಎಲ್ಲ ಮುಗಿದು ದೀಪ ಹಾಕಿದಾಗ ನಾಲ್ಕೂ ಹಾಳೆಗಳು ಗಾಜಿನಂತೆ ನಿರ್ಮಲವಾಗಿದ್ದವು. ಡೆವಲಪರ್ ಮುಟ್ಟುವ ಮೊದಲೇ ಹೈಪೋ ಎಲ್ಲ ಬೆಳ್ಳಿಯನ್ನೂ ಕರಗಿಸಿಬಿಟ್ಟಿತ್ತು. ಆ ತಪ್ಪಿಗೆ ಪರಿಹಾರವೆಂಬುದಿಲ್ಲ.

ಅತ್ತೆಗೆ ಹೇಳಿ ಕಳುಹಿಸಿದೆ. "ದೀಪಾವಳಿಗೆ ಬಾ, ಮತ್ತೆ ಕೂತ್ಕೊತೀನಿ" ಎಂದು ಉತ್ತರ ಬಂದಿತು. ಶಾಲೆಯ ಪರೀಕ್ಷೆ, ಪತ್ರಿಕೆಗಳ ತಿದ್ದುವಿಕೆ ಎಂದು ನಾನು ದೀಪಾವಳಿಗೆ ಹೋಗಲಿಲ್ಲ. ಕಾರ್ತಿಕದ ಕೊನೆಯಲ್ಲಿ ಅವರು ತೀರಿಕೊಂಡರು.

ಮೂರನೆಯ ಹೋಲ್ಡರು ನನ್ನ ಕಪಾಟಿನಲ್ಲಿಯೇ ಇತ್ತು. ಅದನ್ನು ಮುಟ್ಟಲು ಧೈರ್ಯ ಬರಲಿಲ್ಲ. ಗುಪ್ತಬಿಂಬ ಕೆಲವು ತಿಂಗಳು ಕೆಡದೆ ಇರುತ್ತದೆಯೆಂದೂ ಕಾಲ ಕಳೆದಷ್ಟೂ ಕ್ಷೀಣಿಸುತ್ತದೆಯೆಂದೂ ಬಲ್ಲೆ. ತೊಳೆಯದಿದ್ದರೆ ಕ್ಷೀಣಿಸುತ್ತದೆ, ತೊಳೆದರೆ ಮತ್ತೆ ಕೆಡಿಸಿಯೇನೆಂಬ ಭಯ. ಹೀಗೆ ದಿನಗಳು ಕಳೆದವು. ಕೊನೆಗೆ ಮನೆಯಾಕೆಯೇ, "ಪೆಟ್ಟಿಗೆಯೊಳಗೆ ಅವರನ್ನು ಎಷ್ಟು ದಿನ ಕೂರಿಸಿರುತ್ತೀರಿ?" ಎಂದಳು. ಡಿಸೆಂಬರ್ ರಜೆಯಲ್ಲಿ ಇಲ್ಲಿಗೆ ಬಂದೆ. ತಟ್ಟೆಗಳ ಅಂಚಿಗೆ ದಾರ ಕಟ್ಟಿದೆ. ನೀರಿನದಕ್ಕೆ ಒಂದು ಗಂಟು, ಡೆವಲಪರಿಗೆ ಎರಡು, ಮುಂದಿನದಕ್ಕೆ ಮೂರು, ಹೈಪೋವಿಗೆ ನಾಲ್ಕು. ಬೆರಳಿಗೆ ಗಂಟು ಸಿಕ್ಕದೆ ಹಾಳೆಯನ್ನು ಇಳಿಸುವುದಿಲ್ಲವೆಂದು ಅಂದಿನಿಂದ ನಿಯಮ. ತೊಟ್ಟಿಯ ನೀರು ೧೬ ಡಿಗ್ರಿಯಿತ್ತು, ೨೦ಕ್ಕೆ ತಂದೆ. ಮೊದಲು ಮಗ್ಗದ ಹಾಳೆಯನ್ನು ತೊಳೆದು ನೋಡಿದೆ. ಸರಿಯಾಗಿ ಬಂದಿತು. ಆಮೇಲೆ ಕೈಗವಸು ತೆಗೆದಿಟ್ಟು, ಬರಿಗೈಯಿಂದ ಐದನೆಯ ಹಾಳೆಯನ್ನು ಇಳಿಸಿದೆ. ದ್ರಾವಣ ಬೆರಳಿಗೆ ಜಾರಿತು. ಎಂಟು ನಿಮಿಷ ಮಗಳು ಬಾಗಿಲು ತಟ್ಟಿದಳು.

ಹೈಪೋವಿನಿಂದ ಎತ್ತಿ ದೀಪದ ಮುಂದೆ ಹಿಡಿದಾಗ ಕೈಗಳು ಮೊದಲು ಕಂಡವು. ರಾಟೆಯ ಹಿಡಿ ಹಿಡಿದ ಬಲಗೈ, ನೂಲನ್ನು ಎರ‍ಡು ಬೆರಳ ನಡುವೆ ಬಿಡುತ್ತಿದ್ದ ಎಡಗೈ. ನೂಲಿನ ಎಳೆಯೂ ಕೂಡ ಸ್ಪಷ್ಟ. ಕೂಗಲೆಂದು ತಿರುಗಿದ ಮುಖ ಮಾತ್ರ ಸ್ವಲ್ಪ ಅಲುಗಿ, ಬಾಯಿಯ ಬಳಿ ಮಬ್ಬಾಗಿದೆ. ಒಂದು ಸೆಕೆಂಡಿನಲ್ಲಿ ಆಡಿದ ಮಾತು ಅಲ್ಲಿ ಮಂಜಿನಂತೆ ನಿಂತಿದೆ. ಚಿತ್ರಕಲೆಯ ದೃಷ್ಟಿಯಿಂದ ಅದು ದೋಷವೇ. ಆದರೆ ಮುದ್ರಿಸಿದ ಪ್ರತಿಯನ್ನು ಅವರ ಸೊಸೆಯ ಕೈಗೆ ಕೊಟ್ಟಾಗ ಆಕೆ ಬಹಳ ಹೊತ್ತು ನೋಡಿ, "ನನ್ನನ್ನೇ ಕರೀತಾ ಇದ್ದಾರೆ" ಎಂದಳು. ಆಮೇಲೆ ನಾನು ಅದರ ದೋಷವನ್ನು ಎತ್ತಿ ಆಡಿಲ್ಲ. ಅತ್ತೆಯ ನಾಲ್ವರು ಮಕ್ಕಳ ಮನೆಗಳಲ್ಲಿಯೂ ಅದೇ ಚಿತ್ರವಿದೆ. ಅವರದೆಂದು ಹೇಳಿಕೊಳ್ಳಲು ಬೇರೆ ಚಿತ್ರವಿಲ್ಲ. ಅವರ ಹಾಡುಗಳನ್ನು ನಾನು ಬರೆದುಕೊಳ್ಳಲಿಲ್ಲವೆಂಬ ಕೊರತೆ ಬೇರೆಯೇ ಇದೆ. ಅದಕ್ಕೆ ಕತ್ತಲೆಕೋಣೆಯಲ್ಲಿ ಔಷಧವಿಲ್ಲ.

ಇನ್ನು ಸಭಿಕರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಗಳ ಅಟ್ಟದ ಮೇಲೆ, ಹಳೆಯ ಟ್ರಂಕುಗಳ ತಳದಲ್ಲಿ, ಕಂದುಬಣ್ಣದ ಲಕೋಟೆಗಳಲ್ಲಿ ನೆಗೆಟಿವುಗಳಿದ್ದಾವು. ಕೆಲವರಲ್ಲಿ ಗಾಜಿನ ಫಲಕಗಳೂ ಇದ್ದಾವು. ಹಳೆಯ ಸ್ಟುಡಿಯೋಗಳು ಮುಚ್ಚಿದಾಗ ಎಷ್ಟೋ ಪೆಟ್ಟಿಗೆಗಳು ಗುಜರಿಗೆ ಹೋದವು. ಬೆಳ್ಳಿಗಾಗಿ ಕೊಳ್ಳುವವರೂ ಉಂಟು. ಪ್ರಿಂಟು ಹರಿದರೂ ನೆಗೆಟಿವ್ ಇದ್ದರೆ ಚಿತ್ರ ಮತ್ತೆ ಹುಟ್ಟಬಲ್ಲದು. ಆದ್ದರಿಂದ ದಯವಿಟ್ಟು ಎಸೆಯಬೇಡಿ. ಅಂಚು ಮಾತ್ರ ಹಿಡಿದು ಎತ್ತಿ. ಮಿರುಗದ ಮಗ್ಗುಲೇ ಚಿತ್ರವಿರುವ ಮಗ್ಗುಲು, ಅದನ್ನು ಮುಟ್ಟಬೇಡಿ, ಒರೆಸಬೇಡಿ. ಗಾಜಿನ ಫಲಕಗಳನ್ನು ಒಂದರ ಮೇಲೊಂದು ಪೇರಿಸದೆ, ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿ, ನಡುವೆ ಶುದ್ಧ ಕಾಗದವಿರಲಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡಬೇಡಿ. ಪೆಟ್ಟಿಗೆ ತೆರೆದಾಗ ವಿನಿಗರಿನ ವಾಸನೆ ಬಂದರೆ ಅಸಿಟೇಟ್ ಫಿಲ್ಮು ಕೊಳೆಯತೊಡಗಿದೆಯೆಂದು ತಿಳಿದು, ಅದನ್ನು ಉಳಿದವುಗಳಿಂದ ಬೇರೆ ಮಾಡಿ ತಂಪಾದ ಒಣ ಸ್ಥಳದಲ್ಲಿಡಿ. ಬಹು ಹಳೆಯ ನೈಟ್ರೇಟ್ ಫಿಲ್ಮು ಬೆಂಕಿಗೆ ಬೇಗ ಸಿಕ್ಕುವಂಥದು, ಅಡುಗೆಮನೆಯ ಸಮೀಪ ಸಲ್ಲದು.

ಮಕ್ಕಳೆ, ನಿಮಗೊಂದು ಕೆಲಸ. ಫೋನಿನ ಅಥವಾ ಗಣಕದ ಪರದೆಯನ್ನು ಪೂರ್ತಿ ಬಿಳಿಯ ಬೆಳಕಾಗಿಸಿ, ಅದರ ಮುಂದೆ ತುಸು ದೂರದಲ್ಲಿ ನೆಗೆಟಿವ್ ಹಿಡಿದು ಇನ್ನೊಂದು ಫೋನಿನಿಂದ ಚಿತ್ರ ತೆಗೆಯಿರಿ. ಕಪ್ಪುಬಿಳುಪನ್ನು ತಿರುಗಿಸುವ ಸೌಲಭ್ಯ ಈಗ ಫೋನಿನಲ್ಲಿಯೇ ದೊರೆಯುತ್ತದೆ. ತಿರುಗಿಸಿದೊಡನೆ ಯಾರ ಮುಖ ಮೂಡುವುದೋ ಅವರ ಹೆಸರನ್ನು ಅಜ್ಜ ಅಜ್ಜಿಯರಿಂದ ಕೇಳಿ, ಲಕೋಟೆಯ ಮೇಲೆ ಸೀಸದ ಕಡ್ಡಿಯಿಂದ ಬರೆದಿಡಿ. ಯಾವ ಅಕ್ಷರ ಬಲ್ಲಿರೋ ಆ ಅಕ್ಷರದಲ್ಲಿ ಬರೆಯಿರಿ, ಆದರೆ ಇಂದೇ ಬರೆಯಿರಿ. ಹೆಸರು ಹೇಳಬಲ್ಲವರು ಮುಂದಿನ ದೀಪಾವಳಿಯವರೆಗೆ ಕಾದಿರುವರೆಂಬ ಭರವಸೆಯನ್ನು ನಾನು ನಿಮಗೆ ಕೊಡಲಾರೆ.

ಕೈಕೆಲಸ ಕಲಿಯಬೇಕೆಂಬ ಹಂಬಲವಿರುವವರು ರಜೆಯಲ್ಲಿ ನಮ್ಮ ಮನೆಗೆ ಬರಬಹುದು. ಉಗುರು ಕತ್ತರಿಸಿಕೊಂಡು ಬರಬೇಕು, ಫೋನನ್ನು ಹೊಸ್ತಿಲಲ್ಲಿ ಬಿಡಬೇಕು. ತಟ್ಟೆಗಳ ಗಂಟನ್ನು ಎಣಿಸುವುದೇ ಮೊದಲ ಪಾಠ. ಕೊನೆಗೆ ಕಾಫಿಯುಂಟು, ಕುಡಿಯುವ ಕಾಫಿಯೇ.